ಸಣ್ಣ ಟ್ರ್ಯಾಕ್ಟರಿಗೆ ಪವರ್ ಸ್ಟೀರಿಂಗ್: ಹಾಕಿಸುವ ಮೊದಲು ತಿಳಿಯಬೇಕಾದ್ದು



ಚಂದಾಪುರದ ಸುತ್ತಮುತ್ತಲ ಸಂಘಗಳ ಸಭೆಗೆ ನಾವು ಹೋದಾಗ ಸಾಮಾನ್ಯವಾಗಿ ಬರುವ ಪ್ರಶ್ನೆಗಳು ಸಾಲದ್ದು, ಬಡ್ಡಿಯದ್ದು, ಪಾಸ್ ಪುಸ್ತಕದ್ದು. ಈ ಸಲ ಬಂದ ಪ್ರಶ್ನೆ ಬೇರೆ. ಒಂದು ಸಂಘದವರು ಉಳಿತಾಯದ ಹಣಕ್ಕೆ ಸ್ವಲ್ಪ ಸಾಲ ಸೇರಿಸಿ ಒಂದು ಹಳೆಯ ಸಣ್ಣ ಟ್ರ್ಯಾಕ್ಟರ್ ಕೊಂಡಿದ್ದಾರೆ. ಅಕ್ಕಪಕ್ಕದ ತರಕಾರಿ ತೋಟ, ಹೂವಿನ ತೋಟಗಳಿಗೆ ಬಾಡಿಗೆಗೆ ಹೋಗುತ್ತದೆ. ಓಡಿಸುವವರು ಸಂಘದ ಸದಸ್ಯೆಯೇ. ಅವರು ಹೇಳಿದ ಮಾತು ಇದು: "ಉಳೋದು ಕಷ್ಟ ಇಲ್ಲಕ್ಕ, ತಿರುಗಿಸೋದೇ ಕಷ್ಟ. ದಿನವೆಲ್ಲಾ ಸ್ಟೀರಿಂಗ್ ಎಳೆದು ಮನೆಗೆ ಬಂದ್ರೆ ಹಿಟ್ಟಿನ ಕೋಲು ಹಿಡಿದು ಮುದ್ದೆ ತಿರುವೋಕೂ ತೋಳು ಬರಲ್ಲ."

ಭುಜ ನೋವಿನ ಮಾತಷ್ಟೇ ಆಗಿದ್ದರೆ ಎಣ್ಣೆ ಹಚ್ಚಿಕೊಳ್ಳಿ ಅಂದು ಸುಮ್ಮನಾಗುತ್ತಿದ್ದರೋ ಏನೋ. ಒಂದು ದಿನ ಟ್ರೈಲರಿನಲ್ಲಿ ಕೋಸು ತುಂಬಿಕೊಂಡು ಬರುವಾಗ ಚಂದಾಪುರದ ವೃತ್ತದಲ್ಲಿ ಆನೇಕಲ್ ರಸ್ತೆ ಕಡೆಗೆ ಒಂದೇ ಸಲಕ್ಕೆ ತಿರುಗಿಸಲು ಆಗಲಿಲ್ಲ. ಅರ್ಧಕ್ಕೇ ನಿಂತುಹೋಯಿತು. ಹಿಂದೆ ಕಂಪನಿ ಬಸ್ಸುಗಳು, ಪಕ್ಕದಲ್ಲಿ ಹೊಸೂರಿನ ಲಾರಿಗಳು, ಎಲ್ಲರೂ ಹಾರನ್ ಒತ್ತುವವರೇ. ರಾಷ್ಟ್ರೀಯ ಹೆದ್ದಾರಿ 44ರ ಮೇಲೆ ಟ್ರೈಲರ್ ಕಟ್ಟಿದ ಟ್ರ್ಯಾಕ್ಟರನ್ನು ಹಿಂದಕ್ಕೆ ತೆಗೆಯುವುದು ಏನು ಅಂತ ಓಡಿಸಿದವರಿಗೇ ಗೊತ್ತು. ಮಾರನೆಯ ವಾರದ ಸಭೆಯಲ್ಲಿ, ಪವರ್ ಸ್ಟೀರಿಂಗ್ ಹಾಕಿಸೋಣ ಅಂತ ಒಬ್ಬರು, ಇದ್ದ ದುಡ್ಡೆಲ್ಲಾ ಕಬ್ಬಿಣಕ್ಕೇ ಹೋಗುತ್ತೆ ಅಂತ ಇನ್ನೊಬ್ಬರು. ನಡವಳಿ ಪುಸ್ತಕದಲ್ಲಿ ನಿರ್ಣಯ ಬರೆಯುವ ಮೊದಲು ನಮ್ಮನ್ನು ಕೇಳಿದರು. ನಾವು ಎಂಜಿನಿಯರುಗಳಲ್ಲ. ಬೊಮ್ಮಸಂದ್ರ, ಜಿಗಣಿ ಕಡೆಯ ವರ್ಕ್‌ಶಾಪುಗಳಲ್ಲಿ ಹೈಡ್ರಾಲಿಕ್ ಕೆಲಸ ಮಾಡುವವರನ್ನೂ ಟ್ರ್ಯಾಕ್ಟರ್ ಮೆಕ್ಯಾನಿಕ್‌ಗಳನ್ನೂ ಕೇಳಿ ತಿಳಿದುಕೊಂಡದ್ದನ್ನು ಇಲ್ಲಿ ಬರೆಯುತ್ತಿದ್ದೇವೆ. ಇಂತಹ ಟ್ರ್ಯಾಕ್ಟರ್ ಇನ್ನೂ ಕೆಲವು ಸಂಘಗಳಲ್ಲಿದೆ, ಕೊಳ್ಳುವ ಯೋಚನೆಯಲ್ಲಿರುವವರೂ ಇದ್ದಾರೆ.

ನಮ್ಮ ಕಡೆ ಸಣ್ಣ ಟ್ರ್ಯಾಕ್ಟರ್ ಹೊಸದೇನಲ್ಲ. ಬೆಂಗಳೂರಿನಲ್ಲಿ 1967ರಲ್ಲಿ ಶುರುವಾದ ವಿ.ಎಸ್.ಟಿ. ಕಂಪನಿ ಜಪಾನಿನ ಮಿತ್ಸುಬಿಷಿಯ ತಾಂತ್ರಿಕ ಸಹಕಾರದಿಂದ ಮೊದಲು ಪವರ್ ಟಿಲ್ಲರ್, ಆಮೇಲೆ ಹದಿನೆಂಟೂವರೆ ಅಶ್ವಶಕ್ತಿಯ ಸಣ್ಣ ಟ್ರ್ಯಾಕ್ಟರ್ ತಯಾರಿಸಿತು. ಈಗ ಬೇರೆ ಕಂಪನಿಗಳದ್ದೂ 15ರಿಂದ 30 ಅಶ್ವಶಕ್ತಿಯವು ಸಿಗುತ್ತವೆ. ದ್ರಾಕ್ಷಿ ಚಪ್ಪರದ ಕೆಳಗೆ, ಗುಲಾಬಿ ಸಾಲುಗಳ ನಡುವೆ ನುಗ್ಗಲು ದೊಡ್ಡ ಟ್ರ್ಯಾಕ್ಟರಿಗೆ ಆಗದು. ಸೈಟುಗಳಾಗಿ ಹರಿದು ಹಂಚಿಹೋದ ನಮ್ಮ ಆನೇಕಲ್ ತಾಲ್ಲೂಕಿನ ತುಂಡು ಹೊಲಗಳಿಗೂ ಸಣ್ಣದೇ ಸರಿ. ಆದರೆ ಹೊಲ ಸಣ್ಣದಾದಷ್ಟೂ ತಿರುವು ಜಾಸ್ತಿ. ಒಂದು ಎಕರೆ ಉದ್ದನೆ ಹೊಲದಲ್ಲಿ ಇಪ್ಪತ್ತು ಸಲ ತಿರುಗಿಸುವ ಕಡೆ, ಅದೇ ಒಂದು ಎಕರೆ ನಾಲ್ಕು ತುಂಡಾಗಿದ್ದರೆ ಎಷ್ಟು ಸಲ ಅಂತ ನೀವೇ ಲೆಕ್ಕ ಹಾಕಿ.

ಮೊದಲು ಜ್ಯಾಕ್ ಎತ್ತಿ ನೋಡಿ

ಸಾದಾ ಸ್ಟೀರಿಂಗಿನಲ್ಲಿ ನಿಮ್ಮ ಕೈಬಲವೇ ಚಕ್ರ ತಿರುಗಿಸುವುದು. ಚಕ್ರದಿಂದ ಒಂದು ಕಂಬಿ ಕೆಳಗೆ ಸ್ಟೀರಿಂಗ್ ಬಾಕ್ಸಿಗೆ ಹೋಗುತ್ತದೆ. ಅದರೊಳಗಿನ ತಿರುಪು ನಿಮ್ಮ ಹತ್ತಾರು ಗೇಣಿನ ಸುತ್ತನ್ನು ಕೆಳಗಿನ ತೋಳಿನ ಒಂದು ಗೇಣಿನ ಎಳೆತವಾಗಿ ಬದಲಿಸುತ್ತದೆ. ಆ ತೋಳು ಉದ್ದ ರಾಡನ್ನು ಎಳೆದು ಮುಂದಿನ ಚಕ್ರ ತಿರುಗಿಸುತ್ತದೆ. ಎರಡು ಚಕ್ರಗಳೂ ಒಟ್ಟಿಗೆ ತಿರುಗಲಿ ಅಂತ ನಡುವೆ ಟೈ ರಾಡ್ ಇರುತ್ತದೆ. ಪ್ರತಿ ಚಕ್ರವೂ ಕಿಂಗ್ ಪಿನ್ ಅನ್ನುವ ದಪ್ಪ ಕಬ್ಬಿಣದ ಗೂಟದ ಸುತ್ತ ತಿರುಗುತ್ತದೆ. ನಮ್ಮ ರಾಗಿ ಬೀಸುವ ಕಲ್ಲಿನ ಗೂಟ ಇದ್ದ ಹಾಗೆ ಅಂದುಕೊಳ್ಳಿ. ಗೂಟ ಒಣಗಿದರೆ ಕಲ್ಲು ಹೇಗೆ ಕಚ್ಚುತ್ತದೋ ಇಲ್ಲೂ ಹಾಗೆ.

ಆದ್ದರಿಂದ ದುಡ್ಡು ಖರ್ಚು ಮಾಡುವ ಮೊದಲು ಒಂದು ಪರೀಕ್ಷೆ ಮಾಡಿ. ಸಮತಟ್ಟು ಗಟ್ಟಿ ನೆಲದಲ್ಲಿ ಟ್ರ್ಯಾಕ್ಟರ್ ನಿಲ್ಲಿಸಿ, ಎಂಜಿನ್ ಆಫ್ ಮಾಡಿ, ಹಿಂದಿನ ಚಕ್ರಗಳಿಗೆ ಎರಡೂ ಕಡೆ ಕಲ್ಲು ಕೊಟ್ಟು, ಮುಂದಿನ ಅಚ್ಚನ್ನು ಜ್ಯಾಕ್ ಹಾಕಿ ಎತ್ತಿ. ಅಡಿಯಲ್ಲಿ ಮರದ ದಿಮ್ಮಿ ಇಡದೆ ಯಾರೂ ಕೆಳಗೆ ನುಗ್ಗಬಾರದು, ಜ್ಯಾಕ್ ಜಾರುವುದಕ್ಕೆ ಹೊತ್ತು ಬೇಕಿಲ್ಲ. ಈಗ ಸ್ಟೀರಿಂಗ್ ತಿರುಗಿಸಿ. ಚಕ್ರ ನೆಲಕ್ಕೆ ತಾಗದೇ ಇದ್ದಾಗಲೂ ಬಿಗಿಯಾಗಿದ್ದರೆ ತೊಂದರೆ ಭಾರದ್ದಲ್ಲ, ಗಾಡಿಯದ್ದು. ಕಿಂಗ್ ಪಿನ್ ಬುಷ್ ಸವೆದಿರಬಹುದು, ಬೇರಿಂಗಿಗೆ ಗ್ರೀಸ್ ಕಂಡು ವರ್ಷವಾಗಿರಬಹುದು, ಸ್ಟೀರಿಂಗ್ ಬಾಕ್ಸಿನಲ್ಲಿ ಆಯಿಲ್ ಇಲ್ಲದಿರಬಹುದು. ಎತ್ತಿದಾಗ ಬೆರಳಿನಲ್ಲೇ ತಿರುಗಿ, ಇಳಿಸಿದಾಗ ಮಾತ್ರ ಭಾರವಾದರೆ ಆಗ ಪವರ್ ಸ್ಟೀರಿಂಗಿನ ಮಾತು ಆಡಬಹುದು.

ಸವೆದ ಬುಷ್ ಇಟ್ಟುಕೊಂಡು ಮೇಲೆ ಪವರ್ ಸ್ಟೀರಿಂಗ್ ಹಾಕಿಸಿದರೆ ಏನಾಗುತ್ತದೆ? ಕೈಗೆ ಹಗುರವಾಗಿಯೇ ಇರುತ್ತದೆ. ಆದರೆ ಎಣ್ಣೆಯ ಬಲ ಕಚ್ಚಿಕೊಂಡ ಪಿನ್ನನ್ನು ಬಲವಂತವಾಗಿ ತಿರುಗಿಸುತ್ತದೆ, ಸವೆತ ಇನ್ನೂ ಹೆಚ್ಚುತ್ತದೆ, ಆ ಸವೆತ ನಿಮ್ಮ ಕೈಗೆ ಗೊತ್ತೇ ಆಗುವುದಿಲ್ಲ. ನೋವು ಗೊತ್ತಾಗದ ಕಾಯಿಲೆ ಇದ್ದ ಹಾಗೆ.

ಇನ್ನೂ ಕೆಲವು ಖರ್ಚಿಲ್ಲದ ಕೆಲಸಗಳಿವೆ. ಮುಂದಿನ ಟೈರಿನ ಗಾಳಿ ಪುಸ್ತಕದಲ್ಲಿ ಹೇಳಿದಷ್ಟು ಇದೆಯೇ ನೋಡಿ, ಗಾಳಿ ಕಡಿಮೆಯಾದರೆ ಟೈರ್ ಅಗಲವಾಗಿ ನೆಲಕ್ಕೆ ಅಂಟುತ್ತದೆ. ನಿಂತಲ್ಲೇ ತಿರುಗಿಸಬೇಡಿ, ಗಾಡಿ ಸ್ವಲ್ಪ ಉರುಳುವಾಗ ತಿರುಗಿಸಿ. ಸ್ಟೀರಿಂಗ್ ಚಕ್ರವನ್ನೇ ದೊಡ್ಡದು ಹಾಕಿಸುವುದೂ ಒಂದು ಉಪಾಯ. 15 ಅಂಗುಲದ ಜಾಗದಲ್ಲಿ 18 ಅಂಗುಲದ್ದು ಕೂತರೆ ಕೈಬಲ ಆರರಲ್ಲಿ ಒಂದು ಪಾಲು ಕಡಿಮೆ ಸಾಕು. ಮಂಡಿಗೆ ತಾಗದಂತೆ ಜಾಗ ಇದೆಯೇ ನೋಡಿಕೊಳ್ಳಬೇಕು. ಕೆಲವರು ಚಕ್ರದ ಮೇಲೆ ಒಂದು ಗುಂಡಿ ಕೂರಿಸಿ ಒಂದೇ ಕೈಲಿ ತಿರುಗಿಸುತ್ತಾರೆ. ಸಾದಾ ಸ್ಟೀರಿಂಗಿನಲ್ಲಿ ಅದು ಬೇಡ. ಮುಂದಿನ ಚಕ್ರ ಕಲ್ಲಿಗೆ ಬಡಿದರೆ ಸ್ಟೀರಿಂಗ್ ತಟ್ಟನೆ ತಿರುಗುತ್ತದೆ, ಆ ಗುಂಡಿ ಮಣಿಕಟ್ಟಿಗೋ ಹೆಬ್ಬೆರಳಿಗೋ ಹೊಡೆಯುತ್ತದೆ. ಅದಕ್ಕೇ ಹಳಬರು ಹೆಬ್ಬೆರಳನ್ನು ಚಕ್ರದ ಒಳಗೆ ಸುತ್ತಿ ಹಿಡಿಯುವುದಿಲ್ಲ.

ಎಣ್ಣೆಯ ಬಲ ಹೇಗೆ ಕೆಲಸ ಮಾಡುತ್ತದೆ

ಪವರ್ ಸ್ಟೀರಿಂಗ್ ತುಂಬಾ ಹಳೆಯದು. ಅಮೆರಿಕದ ಫ್ರಾನ್ಸಿಸ್ ಡೇವಿಸ್ ಎಂಬ ಎಂಜಿನಿಯರ್ 1926ರಲ್ಲೇ ತನ್ನ ಕಾರಿಗೆ ಅದನ್ನು ಅಳವಡಿಸಿ ಓಡಿಸಿ ತೋರಿಸಿದ್ದ. ಅಂಗಡಿಯಲ್ಲಿ ಕೊಳ್ಳುವ ಕಾರಿನಲ್ಲಿ ಅದು ಬರಲು 1951ರವರೆಗೆ ಕಾಯಬೇಕಾಯಿತು, ಕ್ರೈಸ್ಲರ್ ಕಂಪನಿಯ ಇಂಪೀರಿಯಲ್ ಕಾರಿನಲ್ಲಿ.

ಟ್ರ್ಯಾಕ್ಟರಿನಲ್ಲಿ ಈಗ ಹೆಚ್ಚಾಗಿ ಇರುವುದು ಪೂರ್ತಿ ಎಣ್ಣೆಯಿಂದಲೇ ನಡೆಯುವ ಬಗೆ. ಹಳೆಯ ಸ್ಟೀರಿಂಗ್ ಬಾಕ್ಸ್ ತೆಗೆದು ಆ ಜಾಗದಲ್ಲಿ ಆರ್ಬಿಟಲ್ ವಾಲ್ವ್ ಅನ್ನುವ, ಎರಡು ಕೈಲಿ ಹಿಡಿಯುವಷ್ಟು ದಪ್ಪದ ಒಂದು ಉಂಡೆ ಕೂರಿಸುತ್ತಾರೆ. ಅದರಲ್ಲಿ ನಾಲ್ಕು ತೂತು. ಒಂದರಲ್ಲಿ ಪಂಪಿನಿಂದ ಎಣ್ಣೆ ಬರುತ್ತದೆ, ಒಂದರಲ್ಲಿ ತೊಟ್ಟಿಗೆ ವಾಪಸ್ ಹೋಗುತ್ತದೆ, ಉಳಿದೆರಡು ಎಡಕ್ಕೂ ಬಲಕ್ಕೂ. ಮುಂದಿನ ಅಚ್ಚಿನಲ್ಲಿ ಸಿಲಿಂಡರ್ ಇರುತ್ತದೆ. ಜೆಸಿಬಿಯ ತೋಳಿನಲ್ಲಿ ಹೊಳೆಯುವ ರಾಡ್ ಒಳಗೆ ಹೊರಗೆ ಆಡುವುದನ್ನು ನೋಡಿದ್ದೀರಲ್ಲ, ಅದರ ಚಿಕ್ಕ ತಮ್ಮ. ನೀವು ಸ್ಟೀರಿಂಗನ್ನು ಎಷ್ಟು ತಿರುಗಿಸುತ್ತೀರೋ ಅಷ್ಟು ಎಣ್ಣೆಯನ್ನು ಆ ಉಂಡೆ ಅಳೆದು ಸಿಲಿಂಡರಿಗೆ ಕಳಿಸುತ್ತದೆ. ನಿಲ್ಲಿಸಿದರೆ ಎಣ್ಣೆಯೂ ನಿಂತಿತು.

ಇಲ್ಲಿ ಒಂದು ಮಾತು ಚೆನ್ನಾಗಿ ಗಮನಿಸಿ. ಹೀಗೆ ಮಾಡಿದ ಮೇಲೆ ಸ್ಟೀರಿಂಗ್ ಚಕ್ರಕ್ಕೂ ರಸ್ತೆ ಚಕ್ರಕ್ಕೂ ನಡುವೆ ಕಬ್ಬಿಣದ ಸಂಬಂಧ ಇರುವುದಿಲ್ಲ. ಇರುವುದು ಎಣ್ಣೆಯ ಪೈಪ್ ಮಾತ್ರ. ಎಂಜಿನ್ ನಿಂತರೆ ಆ ಉಂಡೆಯೇ ಕೈಪಂಪಿನ ಹಾಗೆ ಕೆಲಸ ಮಾಡುತ್ತದೆ, ತಿರುಗುತ್ತದೆ, ಆದರೆ ಬಹಳ ಭಾರ. ಸಿಲಿಂಡರಿಗೆ ಹೋಗುವ ಪೈಪೇ ಒಡೆದರೆ ಸ್ಟೀರಿಂಗ್ ಬರೀ ಸುತ್ತುತ್ತದೆ, ಚಕ್ರ ತಿರುಗುವುದಿಲ್ಲ. ಆದ್ದರಿಂದ ಪೈಪಿನಲ್ಲಿ ಉಳಿತಾಯ ಮಾಡಬೇಡಿ. ಒಳಗೆ ಉಕ್ಕಿನ ತಂತಿ ಹೆಣೆದ, ಮಿಷನ್ನಿನಲ್ಲಿ ಕ್ರಿಂಪ್ ಮಾಡಿದ ಹೈಡ್ರಾಲಿಕ್ ಹೋಸ್ ಆಗಬೇಕು. ಕ್ಲಿಪ್ ಬಿಗಿದ ರಬ್ಬರ್ ಪೈಪ್ ನಡೆಯುವುದಿಲ್ಲ. ಬೊಮ್ಮಸಂದ್ರ, ಪೀಣ್ಯ ಕಡೆ ಅಳತೆ ಕೊಟ್ಟರೆ ಕಣ್ಣೆದುರೇ ಮಾಡಿಕೊಡುವ ಅಂಗಡಿಗಳಿವೆ. ಇದೊಂದು ವಿಷಯದಲ್ಲಿ ಕಾರ್ಖಾನೆಗಳ ನಡುವೆ ಇರುವುದು ನಮಗೆ ಅನುಕೂಲ.

ಇಳಿಜಾರಿನಲ್ಲಿ ಡೀಸೆಲ್ ಉಳಿಸಲು ನ್ಯೂಟ್ರಲ್ ಮಾಡಿ ಎಂಜಿನ್ ಬಂದ್ ಮಾಡುವ ಚಾಳಿ ನಮ್ಮ ಗಂಡಸರಿಗಿದೆ. ಸಾದಾ ಸ್ಟೀರಿಂಗಿನಲ್ಲೇ ಅದು ತಪ್ಪು. ಪವರ್ ಸ್ಟೀರಿಂಗ್ ಹಾಕಿಸಿದ ಮೇಲಂತೂ ಬೇಡವೇ ಬೇಡ.

ಎಣ್ಣೆ ಎಲ್ಲಿಂದ, ಬಲ ಎಷ್ಟು

ಮೆಕ್ಯಾನಿಕ್‌ನನ್ನು ಕೇಳಬೇಕಾದ ಮೊದಲ ಪ್ರಶ್ನೆ: "ಎಣ್ಣೆ ಎಲ್ಲಿಂದ ತಗೋತೀಯಪ್ಪ?" ಟ್ರ್ಯಾಕ್ಟರಿನ ಹಿಂದೆ ಕಲ್ಟಿವೇಟರ್, ರೋಟವೇಟರ್ ಎತ್ತಲು ಒಂದು ಹೈಡ್ರಾಲಿಕ್ ಪಂಪ್ ಇದ್ದೇ ಇರುತ್ತದೆ. ಅದರಿಂದಲೇ ಒಂದು ಕವಲು ತೆಗೆಯುವುದು ಸುಲಭದ ದಾರಿ. ಆದರೆ ಕವಲಿನ ಜಾಗದಲ್ಲಿ ಪ್ರಯಾರಿಟಿ ವಾಲ್ವ್ ಇರಲೇಬೇಕು. ಕೆರೆ ತೂಬಿನಿಂದ ನೀರು ಬಿಡುವಾಗ ಮೊದಲು ಕುಡಿಯುವ ನೀರಿಗೆ, ಮಿಕ್ಕಿದ್ದು ಗದ್ದೆಗೆ ಅಂತ ಊರಲ್ಲಿ ಕಟ್ಟು ಇರುವಂತೆ, ಮೊದಲು ಸ್ಟೀರಿಂಗಿಗೆ, ಮಿಕ್ಕಿದ್ದು ಲಿಫ್ಟಿಗೆ ಅಂತ ಆ ವಾಲ್ವ್ ಹಂಚುತ್ತದೆ. ಅದಿಲ್ಲದೆ ಬರೀ ಟಿ ಕೂರಿಸಿದರೆ, ನೀವು ಹೊಲದ ತುದಿಯಲ್ಲಿ ರೋಟವೇಟರ್ ಎತ್ತುತ್ತಾ ತಿರುಗಿಸುವ ಆ ಗಳಿಗೆಯಲ್ಲೇ ಸ್ಟೀರಿಂಗ್ ಬಿಗಿಯಾಗುತ್ತದೆ. ಬದು, ಬಾವಿ ಇರುವುದು ಹೊಲದ ತುದಿಯಲ್ಲೇ. ವಾಲ್ವ್ ಬೇಡವೆಂದರೆ ಸ್ಟೀರಿಂಗಿಗೇ ಬೇರೆ ಸಣ್ಣ ಪಂಪ್ ಕೂರಿಸಬೇಕು.

ಎರಡನೆಯದು ಅಳತೆ. ಒಂದು ಉದಾಹರಣೆ ಕೊಡುತ್ತೇವೆ, ಲೆಕ್ಕ ಬರುವ ಮಕ್ಕಳಿದ್ದರೆ ಮಾಡಿಸಿ ನೋಡಿ. ಸಿಲಿಂಡರಿನ ಒಳ ಅಗಲ 40 ಮಿ.ಮೀ., ಒಳಗಿನ ರಾಡ್ 20 ಮಿ.ಮೀ., ಓಡಾಟ 180 ಮಿ.ಮೀ. ಎಂದುಕೊಳ್ಳಿ. ರಾಡ್ ಹೊರಗೆ ತಳ್ಳಲು ಸುಮಾರು 226 ಸಿ.ಸಿ. ಎಣ್ಣೆ ಬೇಕು. ಒಳಗೆ ಎಳೆಯಲು ರಾಡಿನ ಜಾಗ ಕಳೆದು 170 ಸಿ.ಸಿ. ಸಾಕು. ಆರ್ಬಿಟಲ್ ಒಂದು ಸುತ್ತಿಗೆ 80 ಸಿ.ಸಿ. ಕೊಡುವುದಾದರೆ ಒಂದು ಕಡೆಗೆ ಪೂರ್ತಿ ತಿರುಗಿಸಲು ಎರಡೂ ಮುಕ್ಕಾಲು ಸುತ್ತು, ಇನ್ನೊಂದು ಕಡೆಗೆ ಎರಡಕ್ಕಿಂತ ಸ್ವಲ್ಪ ಹೆಚ್ಚು. ಒಂದೇ ಕಡೆ ರಾಡ್ ಇರುವ ಸಿಲಿಂಡರಿನಲ್ಲಿ ಈ ವ್ಯತ್ಯಾಸ ಇರುವುದೇ ಹೀಗೆ, ಗಾಡಿ ಕೆಟ್ಟಿದೆ ಅಂತ ಗಾಬರಿ ಬೇಡ. ಎರಡೂ ಕಡೆ ರಾಡ್ ಇರುವುದನ್ನು ಹಾಕಿದರೆ ಎರಡೂ ಸಮ. ಸೆಕೆಂಡಿಗೆ ಒಂದು ಸುತ್ತಿನಂತೆ ತಿರುಗಿಸಿದರೂ ನಿಮಿಷಕ್ಕೆ ಸುಮಾರು 5 ಲೀಟರ್ ಎಣ್ಣೆ ಸಾಕು, ದೊಡ್ಡ ಪಂಪ್ ಬೇಕು ಅಂತ ಯಾರಾದರೂ ಹೆದರಿಸಿದರೆ ಈ ಲೆಕ್ಕ ತೋರಿಸಿ.

ಅದೇ ಸಿಲಿಂಡರಿಗೆ 80 ಬಾರ್ ಒತ್ತಡದಲ್ಲಿ ಎಣ್ಣೆ ಕೊಟ್ಟರೆ ಅದು ತಳ್ಳುವ ಬಲ ಸುಮಾರು ಒಂದು ಟನ್! ನಿಮ್ಮ ತೋಳಿಗೆ ಹೊಂದುವಂತೆ ಮಾಡಿದ್ದ ಟೈ ರಾಡು, ಅದರ ಬಾಲ್ ಜಾಯಿಂಟು ಈಗ ಒಂದು ಟನ್ ಬಲ ತಡೆಯಬೇಕು. ಆದ್ದರಿಂದ ಒತ್ತಡ ಹೆಚ್ಚಾದರೆ ಎಣ್ಣೆಯನ್ನು ವಾಪಸ್ ಬಿಡುವ ರಿಲೀಫ್ ವಾಲ್ವನ್ನು ಗೇಜ್ ಇಟ್ಟು ಸೆಟ್ ಮಾಡಿಸಬೇಕು, ಕಣ್ಣಂದಾಜಿನಲ್ಲಿ ಅಲ್ಲ. ಚಕ್ರ ಪೂರ್ತಿ ತಿರುಗಿದಾಗ ಅಚ್ಚಿನ ಮೇಲಿನ ತಡೆಗಳಿಗೆ ತಾಗಿ ನಿಲ್ಲಬೇಕು, ಸಿಲಿಂಡರ್ ತುದಿ ಮುಟ್ಟಿ ಅಲ್ಲ.

ಸಿಲಿಂಡರ್ ಕೂರಿಸಲು ಬ್ರಾಕೆಟ್ ಬೇಕಲ್ಲ, ಅದನ್ನು ಅಚ್ಚಿಗೆ ವೆಲ್ಡಿಂಗ್ ಮಾಡಿಬಿಡುತ್ತೇನೆ ಅನ್ನುವವರು ಸಿಗುತ್ತಾರೆ. ಬಿಡಬೇಡಿ. ಎರಕದ ಅಚ್ಚು ವೆಲ್ಡಿಂಗ್ ಬಿಸಿಗೆ ಬಿರುಕು ಬಿಡುತ್ತದೆ, ಸ್ಟೀರಿಂಗ್ ತೋಳುಗಳೂ ತಮ್ಮ ಗಟ್ಟಿತನ ಕಳೆದುಕೊಳ್ಳುತ್ತವೆ. ಬ್ರಾಕೆಟ್ ಬೋಲ್ಟಿನಲ್ಲೇ ಕೂರಬೇಕು. ನಾಲ್ಕೂ ಚಕ್ರ ಎಳೆಯುವ ಮಾದರಿಗಳಲ್ಲಿ ಮುಂದಿನ ಅಚ್ಚಿನೊಳಗೆ ಗೇರ್ ಇರುವುದರಿಂದ ಇನ್ನೂ ಎಚ್ಚರ ಬೇಕು. ನಿಮ್ಮ ಟ್ರ್ಯಾಕ್ಟರಿನದೇ ಮಾದರಿಯಲ್ಲಿ ಕಂಪನಿಯವರು ಪವರ್ ಸ್ಟೀರಿಂಗ್ ಇರುವುದನ್ನೂ ಮಾರುತ್ತಿದ್ದರೆ ನಿಮ್ಮ ಪುಣ್ಯ. ಅದರ ಅಚ್ಚು, ಬ್ರಾಕೆಟ್, ಸಿಲಿಂಡರ್ ಬಿಡಿ ಭಾಗವಾಗಿ ಡೀಲರ್ ಬಳಿ ತರಿಸಿ ಹಾಕಿಸುವುದೇ ಎಲ್ಲಕ್ಕಿಂತ ಸುರಕ್ಷಿತ. ದುಬಾರಿ ಅನಿಸಿದರೂ ನಮ್ಮ ಸಲಹೆ ಅದೇ. ಶಿವಾಜಿನಗರದ ಗುಜರಿಯಲ್ಲಿ ಹಳೆಯ ಆರ್ಬಿಟಲ್ ಅಗ್ಗಕ್ಕೆ ಸಿಕ್ಕರೂ ಅದರ ಒಳಗಿನ ಸವೆತ ಹೊರಗಿನಿಂದ ಕಾಣುವುದಿಲ್ಲ.

ಹಳೆಯ ಕಾರಿನ ಕರೆಂಟ್ ಸ್ಟೀರಿಂಗ್ ಕಾಲಂ ತಂದು ಕೂರಿಸುವವರೂ ಇದ್ದಾರೆ. ಕಬ್ಬಿಣದ ಸಂಬಂಧ ಹಾಗೇ ಉಳಿಯುವುದು ಅದರ ಒಳ್ಳೆಯ ಗುಣ. ಆದರೆ ನಿಂತಲ್ಲೇ ತಿರುಗಿಸುವಾಗ ಅದು ಬ್ಯಾಟರಿಯಿಂದ ಹತ್ತಾರು ಆಂಪಿಯರ್ ಎಳೆಯುತ್ತದೆ, ಸಣ್ಣ ಟ್ರ್ಯಾಕ್ಟರಿನ ಡೈನಮೊಗೆ ಅದು ಭಾರ. ಮಳೆ, ಕೆಸರು, ಧೂಳಿಗೆ ಮಾಡಿದ ಸಾಮಾನೂ ಅಲ್ಲ.

ಕೆಲಸ ಮುಗಿದ ದಿನ

ಗಾಡಿ ತರಲು ಹೋಗುವಾಗ ಓಡಿಸುವವರೇ ಹೋಗಿ, ಜೊತೆಗೆ ಇನ್ನಿಬ್ಬರು ಸದಸ್ಯೆಯರು ಇರಲಿ. ಮುಂದಿನ ಚಕ್ರಗಳನ್ನು ಎತ್ತಿಸಿ, ಎಂಜಿನ್ ನಿಧಾನದಲ್ಲಿ ಇಟ್ಟು, ಈ ತುದಿಯಿಂದ ಆ ತುದಿಗೆ ಹತ್ತು ಸಲ ತಿರುಗಿಸಿ. ಎಡಕ್ಕೆ ತಿರುಗಿಸಿದರೆ ಚಕ್ರ ಎಡಕ್ಕೇ ಹೋಗುತ್ತದೆಯೇ? ನಗಬೇಡಿ, ಎರಡು ಪೈಪ್ ಅದಲುಬದಲಾದರೆ ಚಕ್ರ ಉಲ್ಟಾ ತಿರುಗುತ್ತದೆ, ರಸ್ತೆಗಿಳಿದ ಮೇಲೆ ಗೊತ್ತಾದರೆ ಕಥೆ ಮುಗಿಯಿತು. ಹೀಗೆ ಆಡಿಸುವುದರಿಂದ ಒಳಗಿನ ಗಾಳಿಯೂ ಹೊರಗೆ ಹೋಗುತ್ತದೆ, ಎಣ್ಣೆ ಮಟ್ಟ ಇಳಿದರೆ ತುಂಬಿಸಬೇಕು. ಎಣ್ಣೆ ಮಜ್ಜಿಗೆಯಂತೆ ನೊರೆಯಾಗಿದ್ದರೆ ಎಲ್ಲೋ ಗಾಳಿ ಎಳೆಯುತ್ತಿದೆ. ಆಮೇಲೆ ಸಮತಟ್ಟು ಜಾಗದಲ್ಲಿ ಇಳಿಸಿ, ಎಂಜಿನ್ ಆಫ್ ಮಾಡಿ ಸ್ಟೀರಿಂಗ್ ತಿರುಗಿಸಿ ನೋಡಿ. ಎಂಜಿನ್ ನಿಂತರೆ ಎಷ್ಟು ಭಾರ ಅನ್ನುವುದು ಓಡಿಸುವವರ ಕೈಗೆ ಮೊದಲೇ ಗೊತ್ತಿರಬೇಕು.

ಎಣ್ಣೆ ಸೋರುತ್ತಿದೆಯೇ ಅಂತ ಬೆರಳಲ್ಲಿ ಸವರಿ ನೋಡುವುದು ನಮಗೆಲ್ಲಾ ಅಭ್ಯಾಸ. ಇಲ್ಲಿ ಹಾಗೆ ಮಾಡಲೇಬೇಡಿ. ಸೂಜಿಮೊನೆಯಷ್ಟು ತೂತಿನಿಂದ ಅಷ್ಟು ಒತ್ತಡದಲ್ಲಿ ಬರುವ ಎಣ್ಣೆ ಚರ್ಮ ತೂರಿ ಒಳಗೆ ಹೋಗುತ್ತದೆ. ಹೊರಗೆ ಚುಕ್ಕಿ ಗಾಯವಷ್ಟೇ ಕಾಣುತ್ತದೆ, ನೋವೂ ಮೊದಲು ಇರುವುದಿಲ್ಲ, ಆದರೆ ಬೆರಳೇ ಕಳೆದುಕೊಳ್ಳುವ ಅಪಾಯ. ಹಾಗೇನಾದರೂ ಆದರೆ ಅರಿಶಿನ ಹಚ್ಚಿ ಕೂರದೆ ತಕ್ಷಣ ಶಸ್ತ್ರಚಿಕಿತ್ಸೆ ಮಾಡುವ ಆಸ್ಪತ್ರೆಗೆ ಹೋಗಿ, ಎಣ್ಣೆ ಹೊಕ್ಕಿದೆ ಅಂತ ಬಾಯಿಬಿಟ್ಟು ಹೇಳಿ. ಸೋರಿಕೆ ಹುಡುಕಲು ಒಂದು ರಟ್ಟಿನ ತುಂಡು ಸಾಕು.

ಮೊದಲ ಹತ್ತು ಗಂಟೆ ಓಡಿದ ಮೇಲೆ ಎಲ್ಲಾ ನಟ್ಟು ಬೋಲ್ಟು ಮತ್ತೆ ಬಿಗಿಸಬೇಕು, ಜಾಯಿಂಟಿನ ಪಿನ್ನುಗಳು ಇವೆಯೇ ನೋಡಬೇಕು. ಎಣ್ಣೆಯ ಫಿಲ್ಟರ್ ಬದಲಿಸುವ ದಿನವನ್ನು ಟ್ರ್ಯಾಕ್ಟರಿನ ಲೆಕ್ಕದ ಪುಸ್ತಕದಲ್ಲೇ ಬರೆದಿಡಿ. ಆರ್ಬಿಟಲ್ಲನ್ನು ಕೊಲ್ಲುವುದು ಕೊಳಕು ಎಣ್ಣೆ.

ಇನ್ನೊಂದು ಮಾತು ಓಡಿಸುವವರಿಗೆ. ಸಾದಾ ಸ್ಟೀರಿಂಗಿನಲ್ಲಿ ಹಿಂದೆ ಭಾರ ಜಾಸ್ತಿಯಾಗಿ ಮುಂಭಾಗ ಎದ್ದರೆ ಕೈಗೆ ತಕ್ಷಣ ಗೊತ್ತಾಗುತ್ತಿತ್ತು, ಸ್ಟೀರಿಂಗ್ ಹಗುರವಾಗುತ್ತಿತ್ತು. ಈಗ ಅದು ಯಾವಾಗಲೂ ಹಗುರ, ಆದ್ದರಿಂದ ಸೂಚನೆ ಸಿಗುವುದಿಲ್ಲ. ಒಟ್ಟು ಭಾರದಲ್ಲಿ ಐದರಲ್ಲಿ ಒಂದು ಪಾಲಾದರೂ ಮುಂದಿನ ಚಕ್ರಗಳ ಮೇಲಿರಬೇಕು ಅನ್ನುವುದು ರೂಢಿಯ ಲೆಕ್ಕ. ಬೇಕಾದರೆ ಮುಂದೆ ತೂಕದ ಕಬ್ಬಿಣ ಹಾಕಿಸಿ. ಸುಲಭವಾಗಿ ತಿರುಗುತ್ತದೆ ಅಂತ ವೇಗದಲ್ಲಿ ತಿರುಗಿಸಿದರೆ ಟ್ರ್ಯಾಕ್ಟರ್ ಪಲ್ಟಿ ಹೊಡೆಯುತ್ತದೆ. ರಸ್ತೆಯಲ್ಲಿ ಎರಡು ಬ್ರೇಕ್ ಪೆಡಲನ್ನೂ ಕೊಂಡಿ ಹಾಕಿ ಸೇರಿಸಿಯೇ ಓಡಿಸಬೇಕು.

ದುಡ್ಡು, ಕಾಗದ

ದರ ಇಷ್ಟೇ ಅಂತ ಇಲ್ಲಿ ಬರೆಯುವುದಿಲ್ಲ, ಮಾದರಿಗೊಂದು, ವರ್ಷಕ್ಕೊಂದು. ಮೂರು ಕಡೆ ಬರೆದ ಕೊಟೇಷನ್ ತನ್ನಿ. ಆರ್ಬಿಟಲ್, ಸಿಲಿಂಡರ್, ಪಂಪ್ ಅಥವಾ ಪ್ರಯಾರಿಟಿ ವಾಲ್ವ್, ಹೋಸ್, ಫಿಲ್ಟರ್, ಎಣ್ಣೆ, ಬ್ರಾಕೆಟ್, ಕೂಲಿ ಎಲ್ಲವೂ ಬೇರೆಬೇರೆ ಕಾಣಬೇಕು. "ಎಲ್ಲಾ ಸೇರಿ ಇಷ್ಟು ಕೊಡಿ ಅಕ್ಕ" ಅಂದರೆ ಎದ್ದು ಬನ್ನಿ. ಟ್ರ್ಯಾಕ್ಟರ್ ಇನ್ನೂ ವಾರಂಟಿಯಲ್ಲಿದ್ದರೆ ಮುಟ್ಟಬೇಡಿ, ಹೊರಗೆ ಮಾಡಿಸಿದ ಬದಲಾವಣೆ ತೋರಿಸಿ ವಾರಂಟಿ ನಿರಾಕರಿಸಬಹುದು. ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಪ್ರಕಾರ ಆರ್.ಸಿ.ಯಲ್ಲಿರುವ ವಿವರಕ್ಕೆ ವ್ಯತ್ಯಾಸವಾಗುವಂತೆ ವಾಹನ ಬದಲಿಸುವಂತಿಲ್ಲ. ಆದ್ದರಿಂದ ಕೆಲಸಕ್ಕೆ ಕೊಡುವ ಮೊದಲು ಆರ್‌ಟಿಒ ಕಚೇರಿಯಲ್ಲಿ ಒಂದು ಮಾತು ಕೇಳಿ. ವಿಮೆಯವರಿಗೂ ಪತ್ರ ಕೊಟ್ಟು ಸ್ವೀಕೃತಿ ಇಟ್ಟುಕೊಳ್ಳಿ. ಹೊಸ ಟ್ರ್ಯಾಕ್ಟರ್ ಕೊಳ್ಳುವ ಸಂಘಗಳು ಕಾರ್ಖಾನೆಯಿಂದಲೇ ಪವರ್ ಸ್ಟೀರಿಂಗ್ ಬಂದದ್ದನ್ನು ಕೊಳ್ಳುವುದು ಮೇಲು. ಓಡಿಸಿ ನೋಡದೆ ಒಪ್ಪಬೇಡಿ, ಓಡಿಸಿ ನೋಡುವವರು ಯಜಮಾನರಲ್ಲ, ನೀವೇ.

ನಮ್ಮನ್ನು ಕೇಳಿದ ಆ ಸಂಘದವರು ಜ್ಯಾಕ್ ಎತ್ತಿ ನೋಡಿದರು. ಚಕ್ರ ಗಾಳಿಯಲ್ಲಿದ್ದಾಗಲೂ ಬಿಗಿಯೇ. ಕಿಂಗ್ ಪಿನ್ ಬಿಚ್ಚಿಸಿದರೆ ಒಳಗೆ ಗ್ರೀಸ್ ಒಣಗಿ ಕಲ್ಲಾಗಿತ್ತು, ಎಡಗಡೆ ಬುಷ್ ಪೂರ್ತಿ ಸವೆದಿತ್ತು. ಎರಡು ಕಡೆಯ ಬುಷ್, ಬೇರಿಂಗ್ ಬದಲಿಸಿದ ಮೇಲೆ ಓಡಿಸುವ ಅಕ್ಕ ಹೊಲದಲ್ಲಿ ನಾಲ್ಕು ಸಾಲು ಹೊಡೆದು ಬಂದು "ಇದು ನಮ್ಮ ಗಾಡೀನೇನಾ?" ಅಂದರು. ಟ್ರೈಲರ್ ಕಟ್ಟಿಕೊಂಡು ನಿಧಾನಕ್ಕೆ ತಿರುಗುವಾಗ ಮಾತ್ರ ಈಗಲೂ ಭಾರ ಇದೆ. ಆದ್ದರಿಂದ ಪವರ್ ಸ್ಟೀರಿಂಗ್ ಬೇಕೆಂದೇ ನಿರ್ಣಯವಾಗಿದೆ, ಆದರೆ ಈಗಲ್ಲ. ರಾಗಿ ಬಿತ್ತನೆಯ ಉಳುಮೆ ಮುಗಿದು ಬಾಡಿಗೆ ಕಡಿಮೆಯಾಗುವ ತಿಂಗಳಲ್ಲಿ ಮಾಡಿಸುತ್ತಾರೆ. ಅಲ್ಲಿಯವರೆಗೆ ಬಾಡಿಗೆಯಲ್ಲಿ ಗಂಟೆಗೆ ಇಷ್ಟು ಅಂತ ಬೇರೆ ತೆಗೆದಿಡುತ್ತಿದ್ದಾರೆ. ಅಷ್ಟರೊಳಗೆ ಇನ್ನೊಬ್ಬ ಸದಸ್ಯೆ ಎಲ್ಎಲ್ಆರ್ ಮಾಡಿಸಿ ಟ್ರ್ಯಾಕ್ಟರ್ ಕಲಿಯಲು ಶುರು ಮಾಡಿದ್ದಾರೆ.